ಅಟ್ಟದ ಕೆಳಗಿನ ಹಾಡು

ದಬ್ಬೇಘಟ್ಟ ಹೋಬಳಿ, ತುರುವೇಕೆರೆ ತಾಲ್ಲೂಕು
6 ಜನವರಿ 2025

ಶಂಭುಲಿಂಗಯ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಾನು ಸುನಂದಾ. ನಮ್ಮ ‘ಮನೆ ಹಾಡು’ ವಾಟ್ಸಾಪ್ ಗುಂಪಿನಲ್ಲಿ ಹೋದ ವಾರ ‘ಇಳಿದ ಕೊಡವೇ, ತುಂಬಿ ಬಾ’ ಎಂಬ ಹಾಡು ಹಾಕಿದವಳು. ಮಾತೂ ನನ್ನದೇ, ಧಾಟಿಯೂ ನನ್ನದೇ. ಮನೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕಿದರು. ಅಲ್ಲಿ ಯಾರು ಕೆಮ್ಮಿ ಕಳಿಸಿದರೂ ಚಪ್ಪಾಳೆ ಬೀಳುತ್ತದೆ ಅನ್ನುವುದು ನನಗೂ ಗೊತ್ತು. ನೀವೊಬ್ಬರು ಮಾತ್ರ ಏನೂ ಹಾಕದೆ, ನಿಜವಾದ ಅಭಿಪ್ರಾಯ ಬೇಕಾದವರು ಕೇಳಿ ಎಂದು ವಿಳಾಸ ಬರೆದಿರಿ. ಸಂಗೀತದ ಮೇಷ್ಟ್ರಾಗಿ ರಿಟೈರಾದವರು, ಮುಲಾಜಿಲ್ಲದೆ ಹೇಳುತ್ತೀರಿ ಎಂದು ಗುಂಪಿನವರು ಹೆದರಿಸಿದ್ದಾರೆ. ಆದರೂ ಕೇಳುತ್ತಿದ್ದೇನೆ.

ಒಂದೇ ಕೋರಿಕೆ. ದಯವಿಟ್ಟು ಫೋನ್ ಮಾಡಬೇಡಿ. ಹಿಂದೊಮ್ಮೆ ಒಬ್ಬರು ಫೋನ್ ಮಾಡಿ ನನ್ನ ಹಾಡನ್ನು ಚೆನ್ನಾಗಿ ಝಾಡಿಸಿದರು. ಅಡುಗೆಮನೆಯಲ್ಲಿ ಹೂಂ ಹೂಂ ಎನ್ನುತ್ತಾ ನಿಂತಿದ್ದೆ, ನಮ್ಮ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎಷ್ಟೋ ತಿಂಗಳು ಹಾಡಲಿಲ್ಲ. ಕಾಗದವಾದರೆ ಓದಿಕೊಂಡು, ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರಬಹುದು. ಕಾಗದ ಬರೆದು ಅಭ್ಯಾಸ ತಪ್ಪಿದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಇತಿ,
ಸುನಂದಾ ಪರಮೇಶ್


ಬಳ್ಳಾರಿ
14 ಜನವರಿ 2025

ಶ್ರೀಮತಿ ಸುನಂದಾ ಅವರಿಗೆ,

ಕಾಗದ ತಲುಪಿತು. ಅಕ್ಷರ ಸೊಟ್ಟಗಿಲ್ಲ. ಈ ಕಾಲದಲ್ಲಿ ಕಾಗದ ಬರೆಯಿರಿ ಎಂದವರು ನೀವೊಬ್ಬರೇ. ನನಗೂ ಅದೇ ಸುಖ, ಫೋನಿನಲ್ಲಿ ಮಾತಾಡುವುದು ಇತ್ತೀಚೆಗೆ ಬೇಸರ.

ಹಾಡಿನ ವಿಷಯ. ಧಾಟಿ ಚೆನ್ನಾಗಿದೆ. ಎಲ್ಲಿಂದಲೋ ಎತ್ತಿ ತಂದಿದ್ದಲ್ಲ. ಪಲ್ಲವಿಯಲ್ಲಿ ಉಸಿರು ಸಾಲದೆ ‘ತುಂಬಿ’ ಎನ್ನುವುದನ್ನು ಕಚ್ಚಿ ತುಂಡು ಮಾಡುತ್ತೀರಿ. ಕೊಡ ತುಂಬಬೇಕಾದ ಜಾಗದಲ್ಲಿ ಕೊಡವೇ ಒಡೆಯುತ್ತದೆ. ಅದನ್ನು ತಿದ್ದಿಕೊಳ್ಳಬಹುದು. ಎರಡನೆಯ ಚರಣದ್ದು ಬೇರೆ ಕಥೆ. ಅಲ್ಲಿ ದನಿ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಶ್ರುತಿ ತಪ್ಪಿದ್ದಲ್ಲ. ಬೆನ್ನ ಹಿಂದೆ ಯಾರೋ ಬಂದು ನಿಂತರೆ ಮಾತಾಡುತ್ತಿದ್ದವರು ತಗ್ಗುತ್ತಾರಲ್ಲ, ಹಾಗೆ. ಯಾರಿಗೆ ಹೆದರುತ್ತೀರಿ?

ಇನ್ನೊಂದು ಸಣ್ಣ ವಿಷಯ. ಹಾಡಿನ ಅಡಿಯಲ್ಲಿ ಏನೋ ನರಳುತ್ತದೆ. ಹಳೆಯ ಮಂಚದ ಮೇಲೆ ಕೂತು ಹಾಡಿದಿರಾ? ಹಾಗಿದ್ದರೆ ನೆಲದ ಮೇಲೆ ಕೂತು ಇನ್ನೊಮ್ಮೆ ಹಾಡಿ ಕಳಿಸಿ.

ಇತಿ,
ಶಂಭುಲಿಂಗಯ್ಯ


ದಬ್ಬೇಘಟ್ಟ ಹೋಬಳಿ
22 ಜನವರಿ 2025

ಮೇಷ್ಟ್ರಿಗೆ ನಮಸ್ಕಾರಗಳು.

ಅಳಲಿಲ್ಲ. ಸ್ವಲ್ಪ ಸಿಟ್ಟು ಬಂತು, ಅಷ್ಟೆ. ಉಸಿರಿನ ವಿಷಯ ನೀವು ಹೇಳಿದ್ದು ಸರಿ. ಕೊಡ ಒಡೆಯುತ್ತದೆ ಎಂದಿದ್ದನ್ನು ಓದಿ ನಗುವೂ ಬಂತು.

ಆದರೆ ಮಂಚದ ಮೇಲೆ ಕೂತು ಹಾಡುವಷ್ಟು ಸೋಮಾರಿ ನಾನಲ್ಲ. ಚಾಪೆಯ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು ಹಾಡುತ್ತೇನೆ. ನಾನು ಹಾಡುವ ಕೋಣೆಯಷ್ಟು ಮೌನವಾದ ಜಾಗ ಈ ಊರಿನಲ್ಲೇ ಇಲ್ಲ. ಟ್ರ್ಯಾಕ್ಟರ್ ಹೋದರೂ ಒಳಗೆ ಕೇಳಿಸುವುದಿಲ್ಲ. ಗುಂಪಿನಲ್ಲಿ ಒಬ್ಬರಿಗೂ ಕೇಳದ ನರಳಿಕೆ ನಿಮಗೊಬ್ಬರಿಗೇ ಹೇಗೆ ಕೇಳಿತು? ಯಾರಿಗೂ ನಾನು ಹೆದರುತ್ತಿಲ್ಲ. ಹೆದರಿದ್ದರೆ ಹಾಡನ್ನು ಊರಿಗೆಲ್ಲ ಕಳಿಸುತ್ತಿದ್ದೆನೇ?

ಅದೇ ಕೋಣೆಯಲ್ಲಿ ಮತ್ತೆ ಹಾಡಿ, ನಿಮಗೆ ಮಾತ್ರ ಕಳಿಸಿದ್ದೇನೆ. ಈ ಸಲ ಕೊಡ ತುಂಬಿದೆಯೋ ನೋಡಿ.

ಇತಿ,
ಸುನಂದಾ


ಬಳ್ಳಾರಿ
31 ಜನವರಿ 2025

ಶ್ರೀಮತಿ ಸುನಂದಾ ಅವರಿಗೆ,

ಎರಡನೆಯದನ್ನು ಕೇಳಿದೆ. ಮತ್ತೆ ಮತ್ತೆ ಕೇಳಿದೆ. ಕೊಡ ತುಂಬಿದೆ. ಆದರೆ ದನಿ ಮೊದಲಿಗಿಂತ ಹೆಚ್ಚು ಕುಗ್ಗಿದೆ, ಈ ಸಲ ಮೊದಲ ಚರಣದಲ್ಲೇ. ನರಳಿಕೆಯೂ ಹೆಚ್ಚಾಗಿದೆ. ಕೋಣೆಯಲ್ಲಿ ಸದ್ದೇ ಇಲ್ಲ ಎನ್ನುತ್ತೀರಿ. ಹಾಗಾದರೆ ನಾನು ಕೇಳಿದ್ದು ಏನು?

ಇರುವುದನ್ನು ಇಲ್ಲ ಎನ್ನುವವರಿಗೆ ಅಭಿಪ್ರಾಯ ಹೇಳಿ ಪ್ರಯೋಜನವಿಲ್ಲ. ನೀವು ಹೆದರಿಕೊಂಡೇ ಹಾಡುತ್ತೀರಿ. ಹೆದರುವವರು ಹಾಡಬಾರದು, ಕೇಳುವವರಿಗೂ ಆ ಹೆದರಿಕೆ ಅಂಟುತ್ತದೆ. ಇನ್ನು ಕಳಿಸಬೇಡಿ.

ಶಂಭುಲಿಂಗಯ್ಯ


ದಬ್ಬೇಘಟ್ಟ ಹೋಬಳಿ
25 ಫೆಬ್ರವರಿ 2025

ಮೇಷ್ಟ್ರೇ,

ಈ ಸಲ ಹಿತ್ತಲಿಗೆ ಹೋಗಬೇಕಾಯಿತು. ಅಭ್ಯಾಸವೆಂಬಂತೆ ಎಷ್ಟೋ ದಿನ ಹೋಗಿಬಂದೆ. ಇನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಆದರೆ ನಾನು ಸುಳ್ಳಿ ಎನ್ನುವ ಹಾಗೆ ಬರೆದಿರಲ್ಲ, ಅದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಅದಕ್ಕೆ ಎಲ್ಲವನ್ನೂ ಹೇಳಿಬಿಡುತ್ತೇನೆ. ನಗಬೇಡಿ.

ನಾನು ಹಾಡುವುದು ಕಾಯಿ ಅಟ್ಟದ ಕೆಳಗಿನ ಕೋಣೆಯಲ್ಲಿ. ನಿಮ್ಮ ಬಳ್ಳಾರಿಯಲ್ಲಿ ಇದು ಇರಲಾರದು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸುಲಿಯದೆ, ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತದೆ. ಹೋದ ವರ್ಷ ನಮಗೆ ಕಾಯಿ ಸುಲಿಯುವ ಭೀಮರಾಜು ಸೊಂಟ ಹಿಡಿದುಕೊಂಡು ಮಲಗಿದ. ಬೇರೆಯವರು ಸಿಗಲಿಲ್ಲ. ಹಳೆಯ ಕಾಯಿ ಅಟ್ಟದಲ್ಲೇ ಉಳಿಯಿತು, ಅದರ ಮೇಲೆಯೇ ಈ ವರ್ಷದ್ದನ್ನೂ ಸುರಿದರು. ಈಗ ಅಟ್ಟ ಹೆಂಚು ಮುಟ್ಟುವಷ್ಟು ತುಂಬಿದೆ. ಆ ಮಟ್ಟೆಯ ರಾಶಿ ಹೊರಗಿನ ಸದ್ದನ್ನೆಲ್ಲ ನುಂಗುತ್ತದೆ. ಸ್ಟುಡಿಯೋದವರು ಗೋಡೆಗೆ ಏನೇನೋ ಬಡಿಯುತ್ತಾರಂತೆ, ನನಗೆ ಅದು ಪುಕ್ಕಟೆ ಸಿಕ್ಕಿದೆ. ಕಾಯಿ ಕೋಣೆಯಲ್ಲಿ ಕೂತು ಹಾಡುತ್ತೇನೆ ಎಂದು ಹೇಳಲು ನಾಚಿಕೆಯಾಗಿ ಮುಚ್ಚಿಟ್ಟೆ.

ಸದ್ದಿನ ವಿಷಯ. ಅಟ್ಟದಲ್ಲಿ ಆಗಾಗ ಟಕ್ ಟಕ್ ಎನ್ನುತ್ತದೆ, ನಿಜ. ಅದು ಕೊಬ್ಬರಿ ಚಿಪ್ಪು ಬಿಡುವ ಸದ್ದು. ಗೋಡೆ ಗಡಿಯಾರದ ಸದ್ದಿನಂತೆ ನಮಗೆ ಅದು ಸದ್ದೇ ಅಲ್ಲ, ಅದಕ್ಕೇ ಇಲ್ಲ ಎಂದು ಬರೆದೆ. ನಮ್ಮ ಮಾವ ಪರಮಶಿವಯ್ಯನವರ ಮಂಚ ಆ ಕೋಣೆಯಲ್ಲೇ ಇದೆ. ಬೆಳಿಗ್ಗೆ ಕಾಫಿ ಕೊಡುವಾಗ ದಿನಾ ಕೇಳುತ್ತಾರೆ, “ಸದ್ದು ಬತ್ತಾ ಐತೇನಮ್ಮ?” ಬರುತ್ತಿದೆ ಎಂದು ನಾನು ತಲೆಯಾಡಿಸುತ್ತೇನೆ. “ಹಂಗಾರೆ ಕೊಬ್ಬರಿ ಬುಡ್ತಾ ಐತೆ ಬುಡು” ಎಂದು ಸಮಾಧಾನದಿಂದ ಕಾಫಿ ಕುಡಿಯುತ್ತಾರೆ. ಅವರಿಗೆ ಕಿವಿ ಕೇಳಿಸುವುದಿಲ್ಲ. ಆದರೆ ಹಾಗೆಂದು ಯಾರಿಗೂ ಹೇಳುವುದಿಲ್ಲ. ಒಂದು ಕಾಲದಲ್ಲಿ ಕಾಯಿ ಅಲ್ಲಾಡಿಸಿ ಕೊಬ್ಬರಿಯ ಗುಣ ಹೇಳುವುದರಲ್ಲಿ ತಿಪಟೂರಿನ ಮಂಡಿಯವರೂ ಅವರನ್ನು ಕೇಳುತ್ತಿದ್ದರಂತೆ. ಈಗ ನನ್ನ ಕಿವಿಯೇ ಅವರ ಕಿವಿ. ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಹೆದರಿಕೆಯ ವಿಷಯವೂ ನಿಜವೇ. ಆ ಕೋಣೆಯಲ್ಲಿ ಹಾಡುವಾಗ ಈಚೆಗೆ ಏನೋ ಭಯ. ಕತ್ತಿನ ಹಿಂದೆ ತಣ್ಣಗಾಗುತ್ತದೆ. ನಿಮ್ಮ ಕಾಗದಕ್ಕೇ ಹೆದರುತ್ತಿದ್ದೇನೆ ಎಂದುಕೊಂಡಿದ್ದೇನೆ. ಬೇರೆ ಯಾವುದಕ್ಕೆ ಹೆದರಲಿ?

ಇತಿ,
ಸುನಂದಾ


ಬಳ್ಳಾರಿ
4 ಮಾರ್ಚ್ 2025

ಸುನಂದಮ್ಮನವರಿಗೆ,

ಜನವರಿಯ ಕೊನೆಯಲ್ಲಿ ಬರೆದ ಕಾಗದ ನಾನು ಬರೆಯಬಾರದಾಗಿತ್ತು. ಕ್ಷಮಿಸಿ. ನಿಮ್ಮ ಮಾವನವರ ವಿಷಯ ಓದಿದ ಮೇಲೆ ನನ್ನದನ್ನೂ ಹೇಳದೆ ಇರಲಾರೆ.

ಹೋದ ದೀಪಾವಳಿಯಿಂದ ನನ್ನ ಎಡಗಿವಿಯಲ್ಲಿ ತೊಂದರೆ. ತಲೆ ಸುತ್ತುತ್ತದೆ, ಗೋಡೆ ಹಿಡಿಯದೆ ಬೀದಿಗಿಳಿಯುವ ಹಾಗಿಲ್ಲ. ಇಲ್ಲದ ಸದ್ದು ಇದ್ದಂತೆ ಕೇಳಿಸಬಹುದು, ಕ್ರಮೇಣ ಇರುವ ಸದ್ದೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ತಿಳಿಸಿಲ್ಲ. ಕಿವಿ ಬಿಟ್ಟರೆ ನನ್ನ ಬಳಿ ಬೇರೆ ಏನಿದೆ? ನಿಮ್ಮ ಹಾಡಿನಲ್ಲಿ ನರಳಿಕೆ ಕೇಳಿದಾಗಿನಿಂದ ನಿದ್ದೆಯಿಲ್ಲ. ಹೆಂಡತಿಗೆ ಕೇಳಿಸಿದೆ, ಅವಳಿಗೆ ಏನೂ ಕೇಳಲಿಲ್ಲ. ನೀವೂ ಇಲ್ಲ ಎಂದಿರಿ. ಅಲ್ಲಿಗೆ ನನ್ನ ಕಿವಿ ಮುಗಿಯಿತು ಎಂದುಕೊಂಡೆ. ಆ ಭಯವನ್ನು ನಿಮ್ಮ ಮೇಲೆ ಸಿಟ್ಟಾಗಿ ಕಾರಿದೆ. ಹೆದರುವವರು ಹಾಡಬಾರದು ಎಂದು ಬರೆದವನು ಹೆದರಿಕೆಯಿಂದಲೇ ಬರೆದ.

ನೀವು ಕೊಬ್ಬರಿಯ ಸದ್ದು ಎಂದಾಗ ಒಂದು ಕ್ಷಣ ಜೀವ ಬಂತು. ಆದರೆ ನೀವು ಹೇಳುವುದು ಟಕ್ ಟಕ್. ನನಗೆ ಕೇಳುವುದು ಹಾಗಲ್ಲ. ತುಂಬ ತಗ್ಗಿನ, ಉದ್ದನೆಯ ಎಳೆತ. ಎಮ್ಮೆ ಮಲಗಿದಲ್ಲಿಂದ ಏಳುವಾಗ ಬಿಡುವ ಉಸಿರಿನ ಹಾಗೆ. ಅದು ಎರಡರಲ್ಲೂ ಇದೆ, ಎರಡನೆಯದರಲ್ಲಿ ಜಾಸ್ತಿ. ಹಾಗಾದರೆ ಅದು ನನ್ನ ಕಿವಿಯದೇ ಇರಬೇಕು.

ನನಗೊಂದು ಉಪಕಾರ ಮಾಡಿ. ಅದೇ ಹಾಡನ್ನು ಆ ಕೋಣೆ ಬಿಟ್ಟು ದೂರದಲ್ಲೆಲ್ಲಾದರೂ ಹಾಡಿ ಕಳಿಸಿ. ಅದರಲ್ಲೂ ನರಳಿಕೆ ಕೇಳಿದರೆ ನನ್ನ ಕಿವಿ ಹೋದಂತೆ. ಹಾಗಾದಲ್ಲಿ ಇನ್ನು ಯಾರ ಹಾಡಿಗೂ ಅಭಿಪ್ರಾಯ ಹೇಳುವುದಿಲ್ಲ.

ಇತಿ,
ಶಂಭುಲಿಂಗಯ್ಯ


ದಬ್ಬೇಘಟ್ಟ ಹೋಬಳಿ
11 ಮಾರ್ಚ್ 2025

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದ ಓದಿದೆ. ಅಷ್ಟು ದಿನ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ, ಎಲ್ಲವನ್ನೂ ವಾಪಸ್ ತೆಗೆದುಕೊಂಡಿದ್ದೇನೆ.

ಇವತ್ತೇ ತೋಟಕ್ಕೆ ಹೋಗಿ ಪಂಪ್‌ಹೌಸಿನಲ್ಲಿ ಕೂತು ಹಾಡಿ ಕಳಿಸಿದ್ದೇನೆ. ಕರೆಂಟ್ ಇರಲಿಲ್ಲ, ಹಾಗಾಗಿ ಮೋಟಾರ್ ಸದ್ದಿಲ್ಲ. ಹಕ್ಕಿ ಕೂಗಿದ್ದರೆ ಅದು ಹಕ್ಕಿಯೇ, ನಿಮ್ಮ ಕಿವಿಯಲ್ಲ. ದೇವರ ದಯೆಯಿಂದ ನಿಮಗೆ ಬೇರೇನೂ ಕೇಳದಿರಲಿ. ಕಳಿಸಿದವಳೇ ಫೋನನ್ನು ಮಗುಚಿ ಇಟ್ಟಿದ್ದೇನೆ. ಪ್ರತಿ ಸಲವೂ ಹಾಗೆಯೇ, ನಿಮ್ಮ ಕಾಗದ ಕೈಗೆ ಬರುವವರೆಗೆ ವಾಟ್ಸಾಪ್ ತೆರೆಯುವ ಧೈರ್ಯ ನನಗಿಲ್ಲ. ಈ ಸಲ ನನ್ನ ಹಾಡಿಗಿಂತ ನಿಮ್ಮ ಕಿವಿಯ ಬಗ್ಗೆ ಹೆಚ್ಚು ಭಯ.

ಇಲ್ಲಿ ಎಲ್ಲ ಕ್ಷೇಮ. ಬೇಸಿಗೆ ಜೋರಾಗಿದೆ. ಬಿಸಿಲಿಗೋ ಏನೋ ಮರ ಹಿಗ್ಗಿ ಅಟ್ಟದ ಕೋಣೆಯ ಬಾಗಿಲು ಮುಚ್ಚಲು ಬರುತ್ತಿಲ್ಲ, ಭುಜ ಕೊಟ್ಟು ನೂಕಬೇಕು. ಇಲಿಗಳ ಕಾಟವೂ ಜಾಸ್ತಿ. ಚಾಪೆಯ ಮೇಲೆ ದಿನಾ ಮಣ್ಣಿನಂಥ ಹುಡಿ ಬಿದ್ದಿರುತ್ತದೆ, ಗುಡಿಸಿ ಗುಡಿಸಿ ಸಾಕಾಗಿದೆ. ಮಾವ ಆರಾಮಾಗಿದ್ದಾರೆ. ಈಗ ಅವರ ಮಂಚದಲ್ಲಿ ಮಧ್ಯಾಹ್ನದ ನಿದ್ದೆ. ಅಲ್ಲೇ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಇತಿ,
ಸುನಂದಾ


ಬಳ್ಳಾರಿ
17 ಮಾರ್ಚ್ 2025
ಸ್ಪೀಡ್ ಪೋಸ್ಟ್

ಸುನಂದಮ್ಮ,

ಇದನ್ನು ಆ ಕೋಣೆಯಲ್ಲಿ ಓದುತ್ತಿದ್ದರೆ ಎದ್ದು ಹೊರಗೆ ಬನ್ನಿ. ಮಾವನವರನ್ನು ಎಬ್ಬಿಸಿಕೊಂಡು ಬನ್ನಿ. ಮಿಕ್ಕಿದ್ದನ್ನು ಅಂಗಳದಲ್ಲಿ ಓದಿ.

ಪಂಪ್‌ಹೌಸಿನ ಹಾಡಿನಲ್ಲಿ ನರಳಿಕೆ ಇಲ್ಲ. ಒಂದಿಷ್ಟೂ ಇಲ್ಲ. ಹಕ್ಕಿ ಇದೆ, ನಿಮ್ಮ ಬಳೆ ಇದೆ, ದೂರದಲ್ಲಿ ಯಾರೋ ಕರುವನ್ನು ಕರೆಯುವುದೂ ಇದೆ. ನನ್ನ ಕಿವಿ ಸರಿಯಾಗಿದೆ. ಕೇಳಿದ ದಿನ ಮಕ್ಕಳ ಹಾಗೆ ಕುಣಿದೆ, ಹೆಂಡತಿಯಿಂದ ಪಾಯಸ ಮಾಡಿಸಿದೆ. ಇವತ್ತು ಬೆಳಿಗ್ಗೆ ನಿಮ್ಮ ಕಾಗದ ಬಂತು. ಬಾಗಿಲು ಮುಚ್ಚುತ್ತಿಲ್ಲ, ಮೇಲಿಂದ ಹುಡಿ ಬೀಳುತ್ತಿದೆ ಎಂಬಲ್ಲಿಗೆ ಬರುವಷ್ಟರಲ್ಲಿ ಕಾಗದ ಕೆಳಗಿಟ್ಟು ಫೋನ್ ಹಿಡಿದೆ. ನನ್ನ ಕಿವಿ ಸರಿಯಾಗಿದ್ದರೆ ಆ ನರಳಿಕೆ ನಿಮ್ಮ ಕೋಣೆಯದು. ಎರಡು ವರ್ಷದ ಕಾಯಿ ಹೊತ್ತ ಮರದ್ದು. ಅದು ಬಾಗುತ್ತಿದೆ. ಇಷ್ಟು ದಿನ ನಾನು ನನ್ನ ಕಿವಿಗಾಗಿ ಹೆದರಿದೆ. ಹೆದರಬೇಕಾಗಿದ್ದು ನಿಮಗಾಗಿ.

ಬೆಳಿಗ್ಗೆಯಿಂದ ಫೋನ್ ಮಾಡುತ್ತಲೇ ಇದ್ದೇನೆ. ರಿಂಗ್ ಆಗುತ್ತದೆ, ನೀವು ಎತ್ತುವುದಿಲ್ಲ. ಸಂದೇಶಗಳನ್ನೂ ತೆರೆದಿಲ್ಲ. ಹಾಡು ಚೆನ್ನಾಗಿಲ್ಲ ಎಂದು ಹೇಳಲು ಮಾಡುತ್ತಿದ್ದೇನೆ ಎಂದುಕೊಂಡಿದ್ದೀರಿ, ಗೊತ್ತು. ಗುಂಪಿನಲ್ಲಿ ಬರೆದೆ. ದಬ್ಬೇಘಟ್ಟದ ಕಡೆಯವರು ಯಾರಾದರೂ ಸುನಂದಾ ಅವರ ಮನೆಗೆ ಓಡಿ, ಹಾಡಿನಲ್ಲಿ ಮನೆ ಮುರಿಯುವ ಸದ್ದಿದೆ ಎಂದೆ. ಹೊಗಳಿಕೆ ಎಂದುಕೊಂಡು ಮೂರು ಜನ ಚಪ್ಪಾಳೆ ಹಾಕಿದರು. ಒಂದು ಸಹಾಯವಾಣಿಗೂ ಹೇಳಿದೆ. ಆ ಕಡೆಯ ಹುಡುಗಿ ಮೆತ್ತಗೆ, ತಾತ, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದಳು. ನಾನೇ ಬರೋಣವೆಂದು ಚಪ್ಪಲಿ ಹಾಕಿಕೊಂಡೆ, ತಲೆ ಸುತ್ತಿ ಹೊಸ್ತಿಲಲ್ಲೇ ಕುಸಿದೆ. ನಿಮ್ಮ ಕೈಗೆ ತಪ್ಪದೆ ತಲುಪುವುದು, ನೀವು ತಪ್ಪದೆ ಒಡೆಯುವುದು ನನ್ನ ಕಾಗದ ಒಂದೇ. ಹೆಂಡತಿ ಆಟೋ ಹಿಡಿದು ನಿಂತಿದ್ದಾಳೆ.

ನನ್ನ ಮಾತು ನಂಬದಿದ್ದರೂ ಪರವಾಗಿಲ್ಲ. ನಿಮ್ಮ ಎರಡನೆಯ ರೆಕಾರ್ಡಿಂಗನ್ನು ಇಯರ್‌ಫೋನಿನಲ್ಲಿ, ದನಿ ಪೂರ್ತಿ ಏರಿಸಿ, ನಿಮ್ಮ ಮಾವನವರಿಗೆ ಕೇಳಿಸಿ. ಅವರಿಗೆ ಗೊತ್ತಾಗುತ್ತದೆ. ಆದರೆ ಅಂಗಳದಲ್ಲಿ ಕೇಳಿಸಿ, ಸುನಂದಮ್ಮ. ಒಳಗೆ ಬೇಡ.

ಶಂಭುಲಿಂಗಯ್ಯ


ದಬ್ಬೇಘಟ್ಟ ಹೋಬಳಿ
23 ಮಾರ್ಚ್ 2025

ಮೇಷ್ಟ್ರೇ,

ಯಜಮಾನರು ನಿಮಗೆ ಫೋನ್ ಮಾಡಿ ನಾವೆಲ್ಲ ಕ್ಷೇಮ ಎಂದಷ್ಟೇ ತಿಳಿಸಿದ್ದಾರೆ. ಉಳಿದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ನೀವು ಹೇಳಿದ್ದು ಸರಿ. ನಿಮ್ಮ ಹೆಸರು ಫೋನಿನ ಮೇಲೆ ಬೆಳಗುವುದನ್ನು ನೋಡಿದೆ. ಒಂದಾದ ಮೇಲೆ ಒಂದು ಕರೆ ಬರುತ್ತಲೇ ಇತ್ತು. ಇಷ್ಟು ಸಲ ಮಾಡುತ್ತಿದ್ದಾರೆಂದರೆ ಹಾಡು ಎಷ್ಟು ಕೆಟ್ಟದಾಗಿರಬೇಕು ಎಂದುಕೊಂಡು ಫೋನನ್ನು ಅಕ್ಕಿಡಬ್ಬಿಯೊಳಗೆ ಹೂತೆ. ನಿಮ್ಮ ಕಾಗದ ಬರುವವರೆಗೂ ಆ ಕೋಣೆಯಲ್ಲೇ ಕೂತಿದ್ದೆ, ಅಲ್ಲೇ ಕಾಯಿ ಒಡೆದೆ, ಅಲ್ಲೇ ಮಾವನಿಗೆ ಊಟ ಬಡಿಸಿದೆ.

ಅಂಚೆಯವರು ಕಾಗದ ಕೊಟ್ಟಾಗ ಹತ್ತು ಗಂಟೆ ಇರಬೇಕು. ಕೋಣೆಯಲ್ಲೇ ಒಡೆದೆ. ಮೊದಲ ಸಾಲು ಓದಿ ಮೇಲೆ ನೋಡಿದೆ. ಎಷ್ಟು ವರ್ಷದಿಂದ ಅಲ್ಲಿ ಹಾಡಿದ್ದೇನೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ನಡುವಿನ ತೊಲೆ ಜೋಲು ಬಿದ್ದ ಹಗ್ಗದ ಹಾಗೆ ಕಂಡಿತು. ಮಾವನ ಕೈ ಹಿಡಿದು ಎಳೆದೆ. ಹೊತ್ತಲ್ಲದ ಹೊತ್ತಿನಲ್ಲಿ ಇದೇನಮ್ಮ ಎಂದು ಗೊಣಗುತ್ತಾ ಬಂದರು. ಅಂಗಳದ ಕಲ್ಲಿನ ಮೇಲೆ ಕೂರಿಸಿ, ಮಿಕ್ಕ ಕಾಗದವನ್ನು ಓದಿದೆ. ಅಕ್ಕಿಡಬ್ಬಿಯಿಂದ ಫೋನ್ ತೆಗೆದು ತಂದು, ಅವರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ದನಿ ಪೂರ್ತಿ ಏರಿಸಿದೆ.

ಮೊದಲು ಅವರ ಮುಖ ಅರಳಿತು. “ನೀನಾ ಹಾಡಿರದು? ನೀನು ಹಾಡ್ತೀಯಾ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ” ಎಂದರು. ಅವರ ಮಂಚದ ಪಕ್ಕದಲ್ಲೇ ಕೂತು ಇಷ್ಟು ಕಾಲ ಹಾಡಿದ್ದೇನೆ, ಅವರಿಗೆ ಒಂದು ಅಕ್ಷರವೂ ಕೇಳಿರಲಿಲ್ಲ. ನನಗೆ ಅಳು ಬಂತು. ಅಷ್ಟರಲ್ಲಿ ಅವರು ಕೈಯೆತ್ತಿ ನನಗೆ ಸುಮ್ಮನಿರು ಎಂದರು. ನನ್ನ ದನಿ ಕುಗ್ಗುವ ಜಾಗ ಬಂದಿರಬೇಕು. ಇಯರ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡರು.

“ಇದು ಕೊಬ್ಬರಿ ಅಲ್ಲ ಕಣಮ್ಮ. ತೊಲೆ. ಗೆದ್ದಲು ತಿಂದೈತೆ.”

ಮೇಲೆ ಹತ್ತಿ ನೋಡುತ್ತೇನೆ ಎಂದು ಎದ್ದೇಬಿಟ್ಟರು. ಪಂಚೆ ಹಿಡಿದು ಜಗ್ಗಿ ಕೂರಿಸಿದೆ. ಮಾವನ ಮೈ ಮುಟ್ಟಿ ಎಳೆದಿದ್ದು ಅದೇ ಮೊದಲು. ಯಜಮಾನರಿಗೆ ಫೋನ್ ಮಾಡಿದೆ, ಊರಿನವರನ್ನು ಕರೆದೆ, ತೊಲೆಗೆ ಆನಿಕೆ ಕೊಡಲು ಬಿದಿರಿನ ಗಳು ತರಲೆಂದು ಇಬ್ಬರು ಓಡಿದರು. ಯಜಮಾನರು ತಿಪಟೂರಿನಿಂದ ಬಂದು ಬಸ್ಸಿಳಿಯುವ ಮೊದಲೇ ಅದು ಬಿತ್ತು. ಸಿಡಿಲಿನಂತೆ ಬೀಳುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನೀವು ಬರೆದಿದ್ದಿರಲ್ಲ, ಎಮ್ಮೆ ಏಳುವಾಗಿನ ಉಸಿರು ಎಂದು, ಅದೇ ಸದ್ದು, ಉದ್ದಕ್ಕೆ, ನಿಧಾನವಾಗಿ. ಈ ಸಲ ಎಲ್ಲರಿಗೂ ಕೇಳಿತು. ಆಮೇಲೆ ಕಾಯಿಗಳು ಬಾಗಿಲಿನಿಂದ ಅಂಗಳಕ್ಕೆ ಉರುಳುತ್ತಾ ಬಂದವು, ನಿಲ್ಲಲೇ ಇಲ್ಲ. ಮಾವನ ಮಂಚದ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

ಮಾವ ಕಾಲ ಬುಡಕ್ಕೆ ಬಂದ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ತುಂಬ ಹೊತ್ತು ಅಲ್ಲಾಡಿಸಿದರು. ಆಮೇಲೆ ಊರಿನವರೆಲ್ಲ ನಿಂತಿರುವಾಗಲೇ ಅದನ್ನು ನನ್ನ ಕೈಗೆ ಕೊಟ್ಟು, “ನಂಗೆ ಕೇಳಕ್ಕಿಲ್ಲ ಕಣಮ್ಮ, ನೀನೇ ನೋಡು” ಎಂದರು.

ಈಗಲೂ ಬಾಗಿಲು ಕಿರ್ ಎಂದರೆ ಬೆಚ್ಚುತ್ತೇನೆ. ರೆಕಾರ್ಡಿಂಗುಗಳನ್ನು ಮತ್ತೆ ಕೇಳಿದೆ. ದನಿ ಕುಗ್ಗುವ ಜಾಗದಲ್ಲೆಲ್ಲ ಅಡಿಯಲ್ಲಿ ಆ ನರಳಿಕೆ ಇದೆ. ನನಗೆ ತಿಳಿಯದೆಯೇ ನನ್ನ ಮೈಗೆ ತಿಳಿದಿತ್ತು. ಯಾರಿಗೆ ಹೆದರುತ್ತೀರಿ ಎಂದು ನೀವು ಮೊದಲ ಕಾಗದದಲ್ಲೇ ಕೇಳಿದ್ದಿರಿ. ನಾನು ಸಿಟ್ಟು ಮಾಡಿಕೊಂಡೆ.

ಆದರೆ ಮೇಷ್ಟ್ರೇ, ಇಷ್ಟೆಲ್ಲದರ ನಡುವೆ ಪಂಪ್‌ಹೌಸಿನ ಹಾಡು ಹೇಗಿತ್ತೆಂದು ನೀವು ಹೇಳಲೇ ಇಲ್ಲ. ಇವತ್ತು ಅಂಗಳದಲ್ಲಿ, ಮಾವನ ಎದುರಿಗೆ ಕೂತು, ಇನ್ನೊಮ್ಮೆ ಹಾಡಿ ಕಳಿಸಿದ್ದೇನೆ. ಸುತ್ತ ಕಾಯಿಯಿಲ್ಲ, ಹಾಗಾಗಿ ಕಾಗೆ, ಟ್ರ್ಯಾಕ್ಟರು, ಪಕ್ಕದ ಮನೆಯ ಕುಕ್ಕರು ಎಲ್ಲ ಸೇರಿಕೊಂಡಿವೆ. ಎಲ್ಲೆಲ್ಲಿ ಕೆಟ್ಟಿದೆಯೋ ಒಂದನ್ನೂ ಬಿಡದೆ ಹೇಳಿ. ಕಾಗದ ಬರೆಯಬೇಡಿ. ಫೋನ್ ಮಾಡಿ, ಎತ್ತುತ್ತೇನೆ.

ಸುನಂದಾ